ಬೆಳ್ಳಗಿರುವುದೆಲ್ಲ ಬಿಳುಪಲ್ಲ

ಬಿಳುಪು ಎಂದರೇನೆಂದು ಯಾರೂ ಯಾರನ್ನೂ ಕೇಳುವುದಿಲ್ಲ. ಸೀರೆಯಂಗಡಿಯಲ್ಲಿ ಕೆಂಪು ಎಷ್ಟು ಕೆಂಪು, ಹಸುರು ಎಷ್ಟು ಹಸುರು ಎಂದು ಗಂಟೆಗಟ್ಟಲೆ ಚರ್ಚೆ ನಡೆಯುವುದುಂಟು. ಅನುಮಾನ ತೀರದಿದ್ದರೆ ಸೀರೆಯನ್ನು ಅಂಗಡಿಯ ಬಾಗಿಲಿಗೆ ತಂದು ಬೀದಿಯ ಬೆಳಕಿನಲ್ಲಿ ಬಿಡಿಸಿ ನೋಡುವುದೂ ಉಂಟು. ಬಿಳುಪಿನ ವಿಷಯದಲ್ಲಿ ಮಾತ್ರ ಎಲ್ಲರೂ ಪಂಡಿತರೇ. ಹಾಲು, ಮಲ್ಲಿಗೆ, ಸುಣ್ಣ ಬಳಿದ ಗೋಡೆ, ಒಗೆದು ಒಣಗಿಸಿದ ಪಂಚೆ ಇವು ಬಿಳುಪೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಈ ನಾಲ್ಕನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವರು ಎಷ್ಟು ಮಂದಿ? ನೋಡಿದರೆ ಹಾಲು ತುಸು ಹಳದಿಯ ಕಡೆಗೆ ವಾಲಿರುವುದೂ ಪಂಚೆ ತುಸು ನೀಲಿಯ ಕಡೆಗೆ ವಾಲಿರುವುದೂ ಕಾಣುತ್ತದೆ. ಪಂಚೆಯದು ಹುಟ್ಟುಗುಣವಲ್ಲ. ಬಟ್ಟೆ ಹಳೆಯದಾದಂತೆ ಹಳದಿಗಟ್ಟುತ್ತದೆಂದು ನಮ್ಮ ತಾಯಂದಿರು ಕೊನೆಯ ಬಕೀಟು ನೀರಿಗೆ ನಾಲ್ಕು ತೊಟ್ಟು ನೀಲಿ ಹಾಕಿ ಅದ್ದಿ ಹಿಂಡುತ್ತಾರೆ. ನೀಲಿ ಹಾಕಿದರೆ ಬಟ್ಟೆ ನೀಲಿಯಾಗಬೇಕಲ್ಲವೆ? ಆಗುವುದು ಬೆಳ್ಳಗೆ! "ಬೆಳ್ಳಗಿರುವುದೆಲ್ಲ ಹಾಲಲ್ಲ" ಎಂದ ಹಿರಿಯರು, ಬೆಳ್ಳಗಿರುವುದೆಲ್ಲ ಬಿಳುಪೂ ಅಲ್ಲ ಎಂದು ಇನ್ನೊಂದು ಮಾತು ಸೇರಿಸಿದ್ದರೆ ತಪ್ಪಾಗುತ್ತಿರಲಿಲ್ಲ.

ಈ ಮಾತನ್ನು ನಾನು ಕಲಿತದ್ದು ಯಾವ ಗ್ರಂಥದಿಂದಲೂ ಅಲ್ಲ. ನನ್ನ ಸೋದರಮಾವನವರ ಮನೆಯ ಮಹಡಿಯ ಮೇಲಿನ ಕತ್ತಲೆ ಕೋಣೆಯಲ್ಲಿ. ಮಾವ ಮೈಸೂರಿನಲ್ಲಿ ಮೂವತ್ತು ವರ್ಷ ರೇಡಿಯೋ, ಟೆಲಿವಿಷನ್ ರಿಪೇರಿ ಮಾಡಿ ಸಂಸಾರ ನಡೆಸಿದವರು. ೨೦೦೮ರಲ್ಲಿ ಯಾವುದೋ ಕಚೇರಿಯ ಸಭಾಂಗಣದ ಹಳೆಯ ಪ್ರೊಜೆಕ್ಟರೊಂದನ್ನು ಗುಜರಿಗೆ ಹಾಕುತ್ತಾರೆಂದು ಕೇಳಿ, ಓಡಿಹೋಗಿ ತೂಕದ ಬೆಲೆಗೆ ಕೊಂಡು ತಂದರು. ಅದನ್ನು ಮಹಡಿಗೆ ಏರಿಸಲು ನಾಲ್ಕು ಆಳು ಬೇಕಾಯಿತು. ಮುಂಭಾಗದಲ್ಲಿ ಸಾಲಾಗಿ ಮೂರು ದೊಡ್ಡ ಮಸೂರಗಳು. ಅತ್ತೆ ಅದನ್ನು ನೋಡಿದವರೇ, "ಇದೇನ್ರೀ, ಮುಕ್ಕಣ್ಣನ್ನ ಮನೆಗೆ ಹೊತ್ಕೊಂಡು ಬಂದಿದೀರಿ!" ಎಂದರು. ಅಂದಿನಿಂದ ಅದಕ್ಕೆ ಮುಕ್ಕಣ್ಣನೆಂದೇ ಹೆಸರು.

ಇಂದಿನ ಪ್ರೊಜೆಕ್ಟರುಗಳಲ್ಲಿ ಒಂದು ದೀಪವೋ ಲೇಸರೋ ಉರಿಯುತ್ತಿರುತ್ತದೆ. ಅದರ ಬೆಳಕನ್ನು ಬೇಕಾದಷ್ಟು ಬಿಟ್ಟು, ಬೇಡವಾದಷ್ಟನ್ನು ತಡೆಯುತ್ತಾರೆ. ಮುಕ್ಕಣ್ಣನ ಜಾತಿಯೇ ಬೇರೆ. ಬೆಲ್ಜಿಯಂ ದೇಶದ ಬಾರ್ಕೊ, ಜಪಾನಿನ ಸೋನಿ ಮೊದಲಾದ ಕಂಪನಿಗಳು ಇಂಥವನ್ನು ತಯಾರಿಸುತ್ತಿದ್ದವು. ಈಗ ಯಾರೂ ತಯಾರಿಸುವುದಿಲ್ಲ. ಅದರೊಳಗೆ ದೀಪವೇ ಇಲ್ಲ. ಇರುವುದು ಮೂರು ಪಿಕ್ಚರ್ ಟ್ಯೂಬುಗಳು. ಒಂದು ಬರಿಯ ಕೆಂಪು, ಒಂದು ಬರಿಯ ಹಸುರು, ಒಂದು ಬರಿಯ ನೀಲಿ. ಟ್ಯೂಬಿನ ಹಿಂಭಾಗದಿಂದ ಹೊರಟ ಎಲೆಕ್ಟ್ರಾನುಗಳ ಕಿರಣವು ಮೂವತ್ತು ಸಾವಿರ ವೋಲ್ಟಿಗೂ ಮೀರಿದ ಸೆಳೆತಕ್ಕೆ ಸಿಕ್ಕಿ, ಮುಂಭಾಗದ ಗಾಜಿನ ಒಳಮೈಗೆ ಬಳಿದ ಫಾಸ್ಫರ್ ಎಂಬ ಪುಡಿಗೆ ಬಡಿಯುತ್ತದೆ, ಪುಡಿ ಬೆಳಗುತ್ತದೆ. ಮೂರು ಚಿತ್ರಗಳೂ ಮೂರು ಮಸೂರಗಳಿಂದ ಹೊರಟು ತೆರೆಯ ಮೇಲೆ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂತರೆ ಬಣ್ಣದ ಚಿತ್ರ. ಕತ್ತಲೆಯನ್ನು ತೋರಿಸಬೇಕಾದ ಕಡೆ ಕಿರಣ ನಿಂತೇ ಹೋಗುವುದರಿಂದ ಅದರ ಕಪ್ಪು ನಿಜವಾದ ಕಪ್ಪು. ಬಿಳುಪು ಮಾತ್ರ ಆ ಯಂತ್ರದೊಳಗೆ ಎಲ್ಲಿ ಹುಡುಕಿದರೂ ಇಲ್ಲ. ಅದು ತೆರೆಯ ಮೇಲೆಯೇ, ಮೂವರ ಒಪ್ಪಂದದಿಂದ ಹುಟ್ಟಬೇಕು.

ಈ ಒಪ್ಪಂದ ಹಳೆಯ ಸಂಗತಿ. ೧೮೬೧ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇದನ್ನು ಮಾಡಿ ತೋರಿಸಿದನು. ಚೌಕುಳಿಯ ರಿಬ್ಬನ್ನೊಂದನ್ನು ಕೆಂಪು, ಹಸುರು, ನೀಲಿ ಶೋಧಕಗಳ ಮೂಲಕ ಮೂರು ಸಲ ಫೋಟೋ ತೆಗೆಸಿ, ಆ ಮೂರನ್ನೂ ಮೂರು ಲಾಂದ್ರಗಳಿಂದ ಅಂಥವೇ ಶೋಧಕಗಳ ಮೂಲಕ ತೆರೆಯ ಮೇಲೆ ಕೂಡಿಸಿದಾಗ ರಿಬ್ಬನ್ನು ತನ್ನ ಬಣ್ಣಗಳೊಡನೆ ಕಾಣಿಸಿಕೊಂಡಿತು. ಮುಕ್ಕಣ್ಣನ ವಂಶಾವಳಿಯನ್ನು ಬರೆಯುವುದಾದರೆ ಆ ಮೂರು ಲಾಂದ್ರಗಳಿಂದ ಆರಂಭಿಸಬೇಕು.

ಇನ್ನು ಒಪ್ಪಂದದ ಕರಾರುಗಳು. ಕುಲುಮೆಯಲ್ಲಿ ಕಬ್ಬಿಣ ಕಾಯುವುದನ್ನು ನೋಡಿದವರಿಗೆ ಗೊತ್ತು: ಮೊದಲು ಅದು ಮಂದವಾದ ಕೆಂಪು, ತಿದಿ ಒತ್ತಿದಂತೆಲ್ಲ ಕಿತ್ತಳೆ, ಆಮೇಲೆ ಹಳದಿ, ಇನ್ನೂ ಕಾದರೆ ಕಣ್ಣು ಕುಕ್ಕುವ ಬಿಳಿ. ಕಬ್ಬಿಣ ಕರಗಿ ನೀರಾಗದೆ ಇನ್ನೂ ಕಾಯುತ್ತಲೇ ಹೋಗುವಂತಿದ್ದರೆ ಆ ಬಿಳಿ ನೀಲಿಗೆ ತಿರುಗುತ್ತಿತ್ತು. ಹೀಗೆ ಶಾಖಕ್ಕೂ ಬಣ್ಣಕ್ಕೂ ಇರುವ ನಂಟನ್ನು ಹಿಡಿದು ವಿಜ್ಞಾನಿಗಳು ಬೆಳಕಿನ ಬಣ್ಣವನ್ನು ಉಷ್ಣತೆಯ ಅಂಕಿಯಿಂದಲೇ ಹೇಳುತ್ತಾರೆ. ಅದರ ಅಳತೆ ಕೆಲ್ವಿನ್. ಮೇಣದ ಬತ್ತಿಯ ಬೆಳಕು ಸುಮಾರು ೧,೯೦೦. ಹಳೆಯ ತಂತಿಯ ಬಲ್ಬು ಸುಮಾರು ೨,೭೦೦. ನಡುಹಗಲ ಬಿಸಿಲು ಸುಮಾರು ೫,೫೦೦. ಮೋಡ ಮುಚ್ಚಿದ ಹಗಲು ಸುಮಾರು ೬,೫೦೦. ಬಿಸಿಲು ತಾಕದ ಶುಭ್ರವಾದ ನೀಲಿ ಆಕಾಶ ೧೦,೦೦೦ಕ್ಕೂ ಮೇಲೆ. ಇಲ್ಲಿ ಒಂದು ವಿನೋದವಿದೆ. ನಾವು ನೀಲಿಯನ್ನು ತಂಪು ಬಣ್ಣವೆನ್ನುತ್ತೇವೆ, ಕೆಂಪನ್ನು ಬಿಸಿ ಬಣ್ಣವೆನ್ನುತ್ತೇವೆ. ಕುಲುಮೆಯ ಲೆಕ್ಕದಲ್ಲಿ ಅದು ತಲೆಕೆಳಗು.

ಟೆಲಿವಿಷನ್ ಮತ್ತು ವೀಡಿಯೋ ಚಿತ್ರಗಳನ್ನು ಸಿದ್ಧಪಡಿಸುವವರು ಇವುಗಳಲ್ಲಿ ೬,೫೦೦ರ ಬಿಳುಪನ್ನು ಆರಿಸಿಕೊಂಡಿದ್ದಾರೆ. ಅದಕ್ಕೆ ಡಿ ೬೫ ಎಂದು ಹೆಸರು. ಆದರೆ ಬರಿಯ ಉಷ್ಣತೆಯ ಅಂಕಿಯನ್ನು ನಂಬುವಂತಿಲ್ಲ. ೬,೫೦೦ ಬಂದರೂ ತೆರೆ ತುಸು ಹಸಿರಾಗಿಯೋ ತುಸು ಗುಲಾಬಿಯಾಗಿಯೋ ಇರಬಹುದು. ಊರು ಬೆಂಗಳೂರಿನಿಂದ ಇಷ್ಟು ಮೈಲಿ ಎಂದರೆ ಸಾಲದು, ಯಾವ ದಿಕ್ಕಿನಲ್ಲಿ ಎಂದೂ ಹೇಳಬೇಕಲ್ಲವೆ? ಹಾಗೆ ೧೯೩೧ರಲ್ಲಿ ಅಂತರರಾಷ್ಟ್ರೀಯ ಬೆಳಕಿನ ಆಯೋಗವು ಬಣ್ಣಗಳಿಗೊಂದು ಭೂಪಟ ಮಾಡಿಕೊಟ್ಟಿತು. ಅದರಲ್ಲಿ ಈ ಬಿಳುಪಿನ ವಿಳಾಸ ೦.೩೧೨೭, ೦.೩೨೯೦. ಮಾವನ ಕೋಣೆಯ ಗೋಡೆಯ ಮೇಲೆ ದೇವರ ಪಟವಿರಬೇಕಾದ ಕಡೆ ಈ ಎರಡು ಅಂಕಿಗಳನ್ನು ಸೀಸದ ಕಡ್ಡಿಯಿಂದ ಬರೆದಿದೆ.

ಅಂಗಡಿಯಿಂದ ಬರುವ ಟೆಲಿವಿಷನ್ ಪೆಟ್ಟಿಗೆಗಳಲ್ಲಿ ಎಷ್ಟೋ ಈ ವಿಳಾಸದಲ್ಲಿ ಇರುತ್ತಿರಲಿಲ್ಲ. ೯,೩೦೦ರ ಆಸುಪಾಸಿನಲ್ಲಿ, ಎಂದರೆ ಚೆನ್ನಾಗಿ ನೀಲಿಯ ಕಡೆಗೆ, ಕೂರಿಸಿ ಕಳಿಸುವುದು ವಾಡಿಕೆಯಾಗಿತ್ತು. ಕಾರಣ ಅಗಸರೂ ಬಲ್ಲದ್ದೇ. ಸಾಲಾಗಿಟ್ಟ ಪೆಟ್ಟಿಗೆಗಳಲ್ಲಿ ನೀಲಿ ಹೆಚ್ಚಿದ್ದುದು ಬೆಳ್ಳಗೆ, ಹೊಳಪಾಗಿ ಕಂಡು ಗಿರಾಕಿಯನ್ನು ಕರೆಯುತ್ತದೆ. ಮನೆಗೆ ಬಂದ ಮೇಲೆ ಮನುಷ್ಯರ ಮುಖವೆಲ್ಲ ಚಳಿ ಹಿಡಿದವರಂತೆ ಕಾಣುವುದು ಬೇರೆಯ ಮಾತು.

ಮುಕ್ಕಣ್ಣನನ್ನು ಶ್ರುತಿ ಮಾಡುವ ಕೆಲಸ ಹೀಗೆ. ಮೊದಲು ಒಂದು ಗಂಟೆ ಯಂತ್ರ ಕಾಯಬೇಕು. ತಣ್ಣಗಿರುವಾಗ ಕೂಡಿಸಿದ ಲೆಕ್ಕ ಬಿಸಿಯಾದಾಗ ತಪ್ಪುತ್ತದೆ. ಕಿಟಕಿಗಳನ್ನು ಮುಚ್ಚಬೇಕು. ಆಮೇಲೆ ತೆರೆಯ ಮೇಲೆ ಬೂದು ಬಣ್ಣದ ಚೌಕಗಳನ್ನು ಒಂದೊಂದಾಗಿ ಬಿಡಬೇಕು: ಕಪ್ಪಿನಿಂದ ಹತ್ತು ಹತ್ತು ಪಾಲಿನಂತೆ ಏರಿ ನೂರರ ಬಿಳಿಯವರೆಗೆ. ಇದು ಮೆಟ್ಟಿಲು. ಪ್ರತಿ ಮೆಟ್ಟಿಲೂ ಬೆಳಕಿನಲ್ಲಿ ಮಾತ್ರ ಬೇರೆಯಾಗಿರಬೇಕು. ಬಣ್ಣದಲ್ಲಿ ಎಲ್ಲವೂ ಒಂದೇ ವಿಳಾಸದಲ್ಲಿರಬೇಕು. ಮೂರು ಟ್ಯೂಬುಗಳಿಗೂ ಎರಡೆರಡು ಹಿಡಿತಗಳಿವೆ. ಒಂದು ಬಯಾಸ್, ಅದು ಕತ್ತಲೆಯ ಕಡೆಯ ಮೆಟ್ಟಿಲುಗಳನ್ನು ಎತ್ತಿ ಇಳಿಸುತ್ತದೆ. ಇನ್ನೊಂದು ಗೇನ್, ಅದು ಬೆಳಕಿನ ಕಡೆಯ ಮೆಟ್ಟಿಲುಗಳನ್ನು ಎತ್ತಿ ಇಳಿಸುತ್ತದೆ. ಹಸುರನ್ನು ಮುಟ್ಟದೆ ಬಿಟ್ಟು ಕೆಂಪು ನೀಲಿಗಳನ್ನೇ ಸರಿಪಡಿಸುವುದು ಪದ್ಧತಿ. ಏಕೆಂದರೆ ಬಿಳುಪಿನ ಬೆಳಕು ನೂರು ಪಾಲೆಂದರೆ ಅದರಲ್ಲಿ ಹಸುರಿನದು ಸುಮಾರು ೭೨, ಕೆಂಪಿನದು ೨೧, ನೀಲಿಯದು ಬರಿಯ ೭. ಬಕೀಟಿನ ನೀಲಿಯಂತೆ ಈ ನೀಲಿಯೂ ಅಳತೆಯಲ್ಲಿ ಅಲ್ಪ. ಆದರೆ ತೊಟ್ಟು ಹೆಚ್ಚುಕಡಿಮೆಯಾದರೆ ಬಿಳುಪು ಕೆಡುತ್ತದೆ.

ಮೂವತ್ತರ ಚೌಕ ಬಿಟ್ಟು ಬಯಾಸನ್ನು ಸರಿಪಡಿಸಬೇಕು. ಎಂಬತ್ತರ ಚೌಕ ಬಿಟ್ಟು ಗೇನನ್ನು ಸರಿಪಡಿಸಬೇಕು. ಮುಗಿಯಿತೆಂದುಕೊಂಡು ಮತ್ತೆ ಮೂವತ್ತಕ್ಕೆ ಬಂದರೆ ಅದು ಕದಲಿರುತ್ತದೆ. ಅದನ್ನು ಸರಿಪಡಿಸಿದರೆ ಎಂಬತ್ತು ಕದಲುತ್ತದೆ. ತಂಬೂರಿಯ ಒಂದು ತಂತಿ ಬಿಗಿದರೆ ಇನ್ನೊಂದು ಸಡಿಲವಾದಂತೆ. ಹೀಗೆ ನಾಲ್ಕೈದು ಸಲ ಹೋಗಿ ಬರುವುದರಲ್ಲಿ ತಪ್ಪಿನ ಗಾತ್ರ ಕಿರಿದಾಗುತ್ತ ಬಂದು, ಕೊನೆಗೆ ಅಂಕಿಗಳು ನಿಲ್ಲುತ್ತವೆ. ಒಳಗಿನ ಹಿಡಿತಗಳನ್ನು ತಿರುಗಿಸಬೇಕಾಗಿ ಬಂದರೆ ಮಾವ ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ತಿರುಗಿಸುತ್ತಾರೆ. ವಿದ್ಯುತ್ತು ಒಂದು ಕೈಯಿಂದ ಹೊಕ್ಕು ಎದೆಯ ಮೂಲಕ ಇನ್ನೊಂದು ಕೈಯಿಂದ ಹೊರಡದಿರಲೆಂದು ರೇಡಿಯೋ ಕಾಲದಲ್ಲಿ ಕಲಿತ ಎಚ್ಚರಿಕೆ ಅದು. ಆ ಕೆಲಸವನ್ನು ನನ್ನ ಕೈಗೆ ಎಂದೂ ಕೊಟ್ಟಿಲ್ಲ.

ನೀಲಿಯ ಟ್ಯೂಬಿನದು ಮಾತ್ರ ಸ್ವಲ್ಪ ಹಟಮಾರಿ ಸ್ವಭಾವ. ಮಂದ ಬೆಳಕಿನಲ್ಲಿ ಅದು ಹೇಳಿದಂತೆ ಕೇಳುತ್ತದೆ. ಬೆಳಕು ಏರಿದಂತೆ, ಅದರ ಪುಡಿಗೆ ಎಷ್ಟು ಎಲೆಕ್ಟ್ರಾನು ಬಡಿಸಿದರೂ ಅದಕ್ಕೆ ತಕ್ಕಷ್ಟು ಬೆಳಕನ್ನು ಕೊಡುವುದಿಲ್ಲ. ಹೊಟ್ಟೆ ತುಂಬಿದವನ ಎಲೆಗೆ ಮತ್ತೆ ಮತ್ತೆ ಬಡಿಸಿದಂತಾಗುತ್ತದೆ. ಅದರಿಂದ ಮೇಲಿನ ಮೆಟ್ಟಿಲುಗಳು ಹಳದಿಗೆ ಜಾರುತ್ತವೆ. ಮೇಲಿನವನ್ನು ಸರಿಪಡಿಸಹೋದರೆ ನಡುವಿನವು ನೀಲಿಯಾಗುತ್ತವೆ. ಇದಕ್ಕೆ ಬಲ್ಲವರು ಒಂದು ಉಪಾಯ ಕಂಡುಕೊಂಡಿದ್ದಾರೆ. ನೀಲಿಯ ಕಿರಣದ ಮೊನೆಯನ್ನು ಬೇಕೆಂದೇ ತುಸು ಮಸುಕು ಮಾಡುತ್ತಾರೆ. ಮೊನೆ ಅಗಲವಾದಾಗ ಏಟು ಹೆಚ್ಚು ಪುಡಿಯ ಮೇಲೆ ಹರಡಿ, ಪುಡಿ ಬೇಗ ದಣಿಯುವುದಿಲ್ಲ. ಚಿತ್ರ ಮಸುಕಾಗುವುದಿಲ್ಲವೆ ಎಂದರೆ, ಆಗುತ್ತದೆ. ಆದರೆ ನಮ್ಮ ಕಣ್ಣು ನೀಲಿಯಲ್ಲಿ ಸೂಕ್ಷ್ಮವನ್ನು ಗುರುತಿಸಲಾರದು. ಯಂತ್ರದ ದೌರ್ಬಲ್ಯವನ್ನು ಕಣ್ಣಿನ ದೌರ್ಬಲ್ಯದಿಂದ ಮುಚ್ಚಿದ ಈ ಉಪಾಯವನ್ನು ಕೇಳಿದ ದಿನ ನನಗೆ ಬಹಳ ಸಂತೋಷವಾಯಿತು.

ಕಣ್ಣಿನ ಮಾತು ಬಂದಿತು. ಇಷ್ಟೆಲ್ಲ ಅಂಕಿಗಳು ಏಕೆ, ಕಣ್ಣಿಗೆ ಕಂಡಂತೆ ಮಾಡಿದರಾಗದೆ ಎಂದು ಓದುಗರು ಕೇಳಬಹುದು. ಕಣ್ಣಿನಂಥ ಸಾಕ್ಷಿ ಇನ್ನೊಂದಿಲ್ಲವೆಂದು ನಾವು ನಂಬಿದ್ದೇವೆ. ಬಿಳುಪಿನ ವಿಷಯದಲ್ಲಿ ಅದು ಬಲು ಬೇಗ ರಾಜಿಯಾಗುವ ಸಾಕ್ಷಿ. ಸಂಜೆ ಹಳದಿ ಬಲ್ಬಿನ ಕೆಳಗೆ ಕುಳಿತು ಓದುವಾಗ ಪುಸ್ತಕದ ಹಾಳೆ ನಮಗೆ ಬಿಳಿಯಾಗಿಯೇ ಕಾಣುತ್ತದೆ. ಹೊರಗಿನಿಂದ ಕಿಟಕಿಯಲ್ಲಿ ನೋಡಿದವನಿಗೆ ಆ ಕೋಣೆಯೇ ಹಳದಿ. ಮುಸ್ಸಂಜೆಯಲ್ಲಿ ಇನ್ನೊಂದು ಚೋದ್ಯ: ಕೆಂಪು ದಾಸವಾಳ ಕಪ್ಪಾಗುತ್ತದೆ, ಅದರ ಪಕ್ಕದ ನೀಲಿ ಶಂಖಪುಷ್ಪ ಇನ್ನೂ ಬೆಳಗುತ್ತಿರುತ್ತದೆ. ಮಬ್ಬಿನಲ್ಲಿ ಕಣ್ಣು ನೀಲಿಯ ಪಕ್ಷ ವಹಿಸುತ್ತದೆಂಬುದನ್ನು ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಪುರ್ಕಿನ್ಯೆ ಎಂಬ ವಿದ್ವಾಂಸನು ಗುರುತಿಸಿ ಹೇಳಿದನು. ಮುಕ್ಕಣ್ಣನ ಹತ್ತು, ಇಪ್ಪತ್ತರ ಮೆಟ್ಟಿಲುಗಳು ಇಂಥ ಮುಸ್ಸಂಜೆಯೇ. ನಮ್ಮ ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್ನರು ತಮ್ಮ ಇಳಿವಯಸ್ಸಿನಲ್ಲಿ ಬಣ್ಣ ಮತ್ತು ದೃಷ್ಟಿಗಳ ವಿಚಾರದಲ್ಲಿ ಮುಳುಗಿ ೧೯೬೮ರಲ್ಲಿ ಆ ಬಗ್ಗೆ ಒಂದು ಗ್ರಂಥವನ್ನೇ ಹೊರತಂದರೆಂದರೆ, ಕಣ್ಣು ಸುಲಭಕ್ಕೆ ಬಿಡಿಸುವ ಒಗಟಲ್ಲ.

ಆದ್ದರಿಂದ ಅಳೆಯಲು ಮೀಟರು ಬೇಕು. ಅಂಗೈಯಗಲದ ಪೆಟ್ಟಿಗೆ, ತೆರೆಯ ಬೆಳಕನ್ನು ನುಂಗಿ ಅಂಕಿಗಳನ್ನು ಉಗುಳುತ್ತದೆ. ಅದಕ್ಕೆ ಹೊಂದಿಕೊಳ್ಳುವ ಅಭ್ಯಾಸವಿಲ್ಲ, ಇಷ್ಟಾನಿಷ್ಟಗಳಿಲ್ಲ. ಹಾಗೆಂದು ಅದೂ ದೇವರಲ್ಲ. ಒಳಗಿನ ಬಣ್ಣದ ಶೋಧಕಗಳು ವರ್ಷ ಕಳೆದಂತೆ ಮಾಸುತ್ತವೆ. ಕತ್ತಲೆಯ ಮೆಟ್ಟಿಲುಗಳಲ್ಲಿ ಅಗ್ಗದ ಮೀಟರು ತಡವರಿಸುತ್ತದೆ. ಅದನ್ನು ಅಳೆಯಲು ಇನ್ನೂ ಉತ್ತಮವಾದ ಮೀಟರು, ಅದನ್ನು ಅಳೆಯಲು ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದಂಥ ಸಂಸ್ಥೆಗಳಲ್ಲಿ ಕಾಪಾಡಿಕೊಂಡು ಬಂದಿರುವ ಪ್ರಮಾಣಗಳು. ಒಬ್ಬರ ಮಾತಿಗೆ ಇನ್ನೊಬ್ಬರ ಜಾಮೀನು.

ಈ ಜಾಮೀನಿನ ಬೆಲೆ ನಮಗೆ ತಿಳಿದದ್ದು ೨೦೧೯ರಲ್ಲಿ. ಆ ವರ್ಷ ಮಾವನ ಬಲಗಣ್ಣಿನ ಪೊರೆ ತೆಗೆದು ಹೊಸ ಮಸೂರ ಹಾಕಿದರು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿಯನ್ನು ತಡೆಯುತ್ತದೆ. ಇದು ವರ್ಷಗಳ ಕಾಲ ನಿಧಾನವಾಗಿ ಆಗುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ತೆಗೆದ ದಿನ ಗೊತ್ತಾಗುತ್ತದೆ. ಫ್ರಾನ್ಸಿನ ಚಿತ್ರಕಾರ ಮೋನೆಗೆ ೧೯೨೩ರಲ್ಲಿ ಇದೇ ಚಿಕಿತ್ಸೆಯಾದ ಮೇಲೆ ಎಲ್ಲವೂ ನೀಲಿಯಾಗಿ ಕಾಣುತ್ತದೆಂದು ಆತ ಗೋಳಾಡಿದನಂತೆ. ಮಾವ ಗೋಳಾಡಲಿಲ್ಲ. ಮನೆಗೆ ಬಂದ ಮಾರನೆಯ ವಾರ ಒಂದೊಂದೇ ಕಣ್ಣು ಮುಚ್ಚಿಕೊಂಡು ಗೋಡೆಯನ್ನು ನೋಡುತ್ತ, "ನೋಡೋ, ಬಲಗಣ್ಣಿಗೆ ಈಗ ತಾನೆ ನೀಲಿ ಹಾಕಿದ ಪಂಚೆ, ಎಡಗಣ್ಣಿಗೆ ಟೀ ಚೆಲ್ಲಿದ ಪಂಚೆ" ಎಂದರು. ಗೋಡೆ ಒಂದೇ; ಬಿಳುಪು ಎರಡು.

ಕಣ್ಣು ಮಾಗಿದ ಮೇಲೆ ಮಹಡಿ ಹತ್ತಿ ಮುಕ್ಕಣ್ಣನನ್ನು ಹಾಕಿದರು. ತೆರೆಯ ಮೇಲೆ ಎಂಬತ್ತರ ಚೌಕ. "ಅಯ್ಯೋ, ಇಷ್ಟು ನೀಲಿ! ಇಳಿಸಬೇಕು" ಎಂದು ಕೈ ಹಾಕಿದರು.

"ಮಾವ, ಮೀಟರು ಸರಿಯಾಗೇ ತೋರಿಸ್ತಿದೆಯಲ್ಲ" ಎಂದೆ. ಅಂಕಿ ೦.೩೧೪, ೦.೩೩೦ ಎಂದಿತ್ತು.

"ಸಿನಿಮಾ ನೋಡೋದು ನಾನೋ ಮೀಟರೋ?" ಎಂದರು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಅದನ್ನು ಸುಲಭದ ಪ್ರಶ್ನೆಯೆಂದು ನಾನು ಹೇಳಲಾರೆ. ಯಂತ್ರ ಅವರದು, ಮನೆ ಅವರದು, ಕಣ್ಣು ಅವರದು. ಅವರಿಗೆ ಬಿಳಿಯಾಗಿ ಕಾಣದ ಬಿಳುಪನ್ನು ಯಾರ ಪ್ರೀತ್ಯರ್ಥವಾಗಿ ಕಾಪಾಡಬೇಕು? ಉತ್ತರ ಬಂದದ್ದು ಬಾಗಿಲ ಬಳಿ ಕಾಫಿ ಹಿಡಿದು ನಿಂತಿದ್ದ ಅತ್ತೆಯಿಂದ: "ನಿಮ್ಮ ಕಣ್ಣು ಪಳಗೋವರೆಗೂ ನಾವೆಲ್ಲ ಕಾಮಾಲೆ ಬಂದ ಮುಖ ನೋಡ್ಬೇಕೇನ್ರಿ?"

ಮಾವ ನಕ್ಕರು. ಕೈ ತೆಗೆದರು. ಅಂದಿನ ಅಂಕಿಗಳನ್ನೆಲ್ಲ ಪುಸ್ತಕದಲ್ಲಿ ಬರೆದು, ಎಡಗಣ್ಣಿಗೂ ಚಿಕಿತ್ಸೆಯಾಗಿ ಮೂರು ತಿಂಗಳು ಕಳೆಯುವವರೆಗೆ ಯಂತ್ರದ ಒಂದು ಹಿಡಿತವನ್ನೂ ಮುಟ್ಟಬಾರದೆಂದು ತಾವೇ ಷರತ್ತು ಹಾಕಿಕೊಂಡರು. ಆ ತಿಂಗಳುಗಳಲ್ಲಿ ಅವರು ಸಿನಿಮಾ ನೋಡಿದ್ದು ಕಡಿಮೆ. ನೋಡಿದಾಗ ಸುಮ್ಮನೆ ನೋಡಿದರು. ಅವಧಿ ಮುಗಿದ ಮೇಲೆ ಒಂದು ಭಾನುವಾರ ಅದೇ ಚೌಕವನ್ನು ಬಿಟ್ಟು ಬಹಳ ಹೊತ್ತು ನೋಡಿದರು. ಮೀಟರಿನ ಅಂಕಿ ಹೆಚ್ಚೇನೂ ಕದಲಿರಲಿಲ್ಲ. "ಬಿಳಿ" ಎಂದರು. ಆ ಒಂದು ಮಾತಿಗಾಗಿ ಅವರು ಎಷ್ಟು ಕಾದಿದ್ದರೆಂಬುದು ನನಗೆ ಆಗ ತಿಳಿಯಿತು. ಮೂವತ್ತು ವರ್ಷ ಕಣ್ಣಿನಿಂದ ದುಡಿದವರು, ತಮ್ಮ ಕಣ್ಣೇ ತಮಗೆ ತಿರುಗಿ ಬಿದ್ದಾಗ ಅದರ ಮಾತನ್ನು ತಡೆಹಿಡಿದದ್ದು ಸಣ್ಣ ಕೆಲಸವಲ್ಲ.

ಅಂದು ರಾತ್ರಿ ಮುಕ್ಕಣ್ಣನಿಗೆ ಪರೀಕ್ಷೆಯಾಗಲೆಂದು ೧೯೫೪ರ ಬೇಡರ ಕಣ್ಣಪ್ಪ ಹಾಕಿದರು. ಬಣ್ಣದ ಸಿನಿಮಾ ಪರೀಕ್ಷೆಯಲ್ಲವೆಂಬುದು ಮಾವನ ಸಿದ್ಧಾಂತ. ಹಸುರು ಸೀರೆ ಸ್ವಲ್ಪ ಹೆಚ್ಚು ಹಸಿರಾದರೆ ಯಾರು ಕೇಳುತ್ತಾರೆ? ಕಪ್ಪು ಬಿಳುಪಿನ ಚಿತ್ರದಲ್ಲಿ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ. ಮೆಟ್ಟಿಲುಗಳಲ್ಲಿ ಒಂದು ಜಾರಿದರೂ ಕಾಡಿನ ನೆರಳು ಕೆಂಪಾಗುತ್ತದೆ, ಆಕಾಶ ಹಳದಿಯಾಗುತ್ತದೆ. ಅಂದು ಯಾವುದೂ ಆಗಲಿಲ್ಲ. ಯುವಕ ರಾಜಕುಮಾರರ ಮುಖದ ಮೇಲಿನ ನೆರಳು ನೆರಳಾಗಿಯೇ ಇತ್ತು, ಬೆಳಕು ಬೆಳಕಾಗಿಯೇ ಇತ್ತು. ಶಿವನಿಗೆ ಕಣ್ಣು ಕಿತ್ತು ಕೊಡುವ ಬೇಡನ ಕಥೆಯನ್ನು ಹೊಸ ಕಣ್ಣುಗಳಲ್ಲಿ ನೋಡುತ್ತಿದ್ದ ಮಾವ ಏನೂ ಮಾತಾಡಲಿಲ್ಲ, ನಾವೂ ಮಾತಾಡಲಿಲ್ಲ.

ಈಗ ಮುಕ್ಕಣ್ಣನಿಗೂ ವಯಸ್ಸಾಗುತ್ತಿದೆ. ಉರಿದ ಪ್ರತಿ ಗಂಟೆಗೂ ಫಾಸ್ಫರ್ ಒಂದಿಷ್ಟು ಸವೆಯುತ್ತದೆ. ಮೂರು ಟ್ಯೂಬುಗಳೂ ಒಂದೇ ಸಮನೆ ಸವೆಯುವುದೂ ಇಲ್ಲ. ಹೊಸ ಟ್ಯೂಬು ತರೋಣವೆಂದರೆ ಮಾಡುವವರಿಲ್ಲ. ಆದ್ದರಿಂದ ಬಿಳುಪನ್ನು ಒಂದು ಸಲ ಸಂಪಾದಿಸಿ ಬೀರುವಿನಲ್ಲಿಡುವಂತಿಲ್ಲ. ಆರು ತಿಂಗಳಿಗೊಮ್ಮೆ ಮತ್ತೆ ಕಪ್ಪಿನಿಂದ ಮೊದಲುಮಾಡಿ ಒಂದೊಂದೇ ಮೆಟ್ಟಿಲನ್ನು ಹತ್ತಬೇಕು. ಅಂಗಡಿಯಲ್ಲಿ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು ಬೆಳಕು ಕೊಡುವ ಯಂತ್ರಗಳು ಬಂದಿವೆ, ಇದನ್ನೇಕೆ ಇಟ್ಟುಕೊಂಡಿದ್ದೀರಿ ಎಂದು ಬಂದವರು ಕೇಳುತ್ತಾರೆ. ಮಾವ ವಾದಕ್ಕೆ ಹೋಗುವುದಿಲ್ಲ. ಕಿಟಕಿ ಮುಚ್ಚಿ, ಒಂದು ಗಂಟೆ ಕೂರಲು ಹೇಳಿ, ಯಂತ್ರ ಕಾದ ಮೇಲೆ ತೋರಿಸುತ್ತಾರೆ. ಒಂದು ಗಂಟೆ ಕೂರುವವರು ಬಹಳ ಮಂದಿಯಿಲ್ಲ.

ಅಂಕಿಗಳ ಪುಸ್ತಕ ಹನ್ನೆರಡು ವರ್ಷಗಳಿಗೂ ಮೀರಿ ಬೆಳೆದಿದೆ. ಎಡಗಡೆ ತಾರೀಖು, ಆಮೇಲೆ ಯಂತ್ರ ಉರಿದ ಗಂಟೆಗಳು, ಆಮೇಲೆ ಹತ್ತು ಮೆಟ್ಟಿಲುಗಳ ವಿಳಾಸ. ಎಲ್ಲವೂ ಮಾವನ ದುಂಡನೆಯ ಅಕ್ಷರ. ಹತ್ತು, ಇಪ್ಪತ್ತರ ಕತ್ತಲೆ ಮೆಟ್ಟಿಲುಗಳ ಅಂಕಿಗಳನ್ನು ಓದಿ ಬರೆಯುವ ಕೆಲಸವನ್ನು ಈಚೆಗೆ ನನಗೆ ವಹಿಸಿದ್ದಾರೆ. ಕೊನೆಯ ಎರಡ ಪುಟಗಳಲ್ಲಿ ಆ ಎರಡು ಸಾಲು ನನ್ನ ಕೈಬರಹದಲ್ಲಿವೆ.